ಡಿ ಡ್ರೈವ್‌ನಲ್ಲಿದ್ದ ಅಮ್ಮ

"ಯಾರ್ರೀ ನೀವು? ನಮ್ಮಪ್ಪನ ಕೈ ಯಾಕೆ ಹಿಡ್ಕೊಂಡಿದೀರಿ?"

ಚಪ್ಪಲಿ ಬಿಡೋದನ್ನೂ ಮರೆತು ಲತಾಮಣಿ ಬಾಗಿಲಲ್ಲೇ ನಿಂತಳು. ಹಾಲ್‌ನ ಮಂಚದ ಪಕ್ಕ ಒಬ್ಬ ಅಪರಿಚಿತ ಮಂಡಿಯೂರಿ ಕೂತು, ಅಪ್ಪನ ಎಡಗೈ ಹೆಬ್ಬೆರಳನ್ನ ರಿಮೋಟ್ ಮೇಲೆ ಇಟ್ಟು ನೋಡುತ್ತಿದ್ದ.

ಅವನು ಗಾಬರಿಯಾಗಲಿಲ್ಲ.

"ಕಂಪ್ಯೂಟರ್ ಅಂಗಡಿಯಿಂದ ಬಂದೀನ್ರಿ ಮೇಡಂ. ನಿಂಗರಾಜ ಅಂತ. ಅಪ್ಪಾರ ಬೆರಳು ಯಾವ ಬಟನ್ ತನಕ ಹೋಗ್ತದ ನೋಡಾಕತ್ತಿದ್ದೆ."

"ಸಾಫ್ಟ್‌ವೇರ್ ಹಾಕೋಕೆ ಬೆರಳು ಯಾಕೆ ನೋಡ್ಬೇಕು?"

"ಒತ್ತೋರು ಅವರ ಅಲ್ಲೇನ್ರಿ?"

ಮಂಚದ ಮೇಲೆ ದಾಸಪ್ಪನವರು ಸೊಟ್ಟ ಬಾಯಲ್ಲೇ ನಕ್ಕರು. ಸ್ಟ್ರೋಕ್ ಆದ ಆರು ತಿಂಗಳಲ್ಲಿ ಅಪ್ಪ ನಕ್ಕಿದ್ದನ್ನ ಅವಳು ನೋಡಿದ್ದು ಅದೇ ಮೊದಲು...

ಅದು ಎರಡು ಸಾವಿರದ ಒಂಬತ್ತರ ಫೆಬ್ರವರಿ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಅವರ ಮನೆ. ಲತಾಮಣಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಸೂಪರ್‌ವೈಸರ್ ಕೆಲಸ. ತಮ್ಮ ಭೀಮೇಶ ಜಾಹೀರಾತು ಕಂಪನಿಯಲ್ಲಿದ್ದ. ಅಮ್ಮ ನಾಗಲಕ್ಷ್ಮಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು.

ಅಮ್ಮ ಹಾಡುತ್ತಿದ್ದರು. ಬುದ್ಧ ಪೂರ್ಣಿಮೆಯ ಕಾರ್ಯಕ್ರಮದಲ್ಲಿ, ನೆಂಟರ ಮದುವೆಗಳಲ್ಲಿ, ಬೀದಿಯವರ ನಾಮಕರಣಗಳಲ್ಲಿ. ಅಪ್ಪ ಒಬ್ಬೊಬ್ಬರ ಮನೆಗೂ ಹೋಗಿ ವಿಡಿಯೋ ಕ್ಯಾಸೆಟ್ ಬೇಡಿ ತಂದು, ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿಸಿದ್ದರು. ಆಮೇಲೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಎಸೆದೂ ಆಗಿತ್ತು.

ಈಗ ಅಪ್ಪನಿಗೆ ಮೌಸ್ ಹಿಡಿಯೋಕೆ ಆಗಲ್ಲ. ಬಲಗೈ ಸ್ವಾಧೀನದಲ್ಲಿಲ್ಲ. ಮಲಗಿದ ಕಡೆಯಿಂದಲೇ, ಯಾರನ್ನೂ ಕೇಳದೆ, ಟಿವಿಯಲ್ಲಿ ಹೆಂಡತಿಯನ್ನ ನೋಡಬೇಕು. ಅಷ್ಟೇ ಅವರ ಆಸೆ.

ಅದಕ್ಕೆ ಮೀಡಿಯಾ ಸೆಂಟರ್ ಅನ್ನೋ ಸಾಫ್ಟ್‌ವೇರ್ ಬೇಕಿತ್ತು. ಯಾವುದು ಅನ್ನೋದೇ ಪ್ರಶ್ನೆ.

ನಿಂಗರಾಜ ನಾಲ್ಕು ವಾರ ಬಂದ. ಮೊದಲ ವಾರ ವಿಂಡೋಸ್‌ನದು ತೋರಿಸಿದ. ದೊಡ್ಡ ಅಕ್ಷರ, ನೀಲಿ ಪರದೆ, ನೋಡೋಕೆ ಸಖತ್ತಾಗಿತ್ತು.

"ಛಲೋ ಐತ್ರಿ. ಆದ್ರ ಇದಕ್ಕ ಹೊಸ ವಿಂಡೋಸ್ ಬೇಕು. ನಿಮ್ಮ ಹಳೇ ಕಂಪ್ಯೂಟರ್‌ಗೆ ಅದು ಭಾರ ಆಗ್ತದ."

ಎರಡನೇ ವಾರ ಭೀಮೇಶ ತನ್ನ ಆಫೀಸಿನ ಮ್ಯಾಕ್ ಲ್ಯಾಪ್‌ಟಾಪ್ ತಂದು ಟಿವಿಗೆ ಜೋಡಿಸಿದ. ಆರೇ ಬಟನ್‌ನ ಪುಟಾಣಿ ರಿಮೋಟ್. ಅಪ್ಪ ಒತ್ತಿದ್ದೇ ತಡ, ಅಮ್ಮ ಪರದೆ ತುಂಬ ಬಂದು ಹಾಡಿದರು.

"ಇದನ್ನೇ ಇಟ್ಕೊಳ್ಳೋಣ" ಅಂದಳು ಲತಾಮಣಿ.

"ತಮ್ಮಾರು ಆಫೀಸ್‌ಗೆ ಒಯ್ದಾಗ ಅಪ್ಪಾರು ಏನ್ ಮಾಡ್ಬೇಕ್ರಿ? ಮನ್ಯಾಗ ಉಳಿಯೂದು ಬೇಕು."

*ಇವನು ಎಷ್ಟು ಯೋಚನೆ ಮಾಡ್ತಾನೆ...* ಅವಳು ಟೀ ಲೋಟ ಕೊಡುವಾಗ ಅವನ ಮುಖ ನೋಡಿದಳು. ಅವನೂ ನೋಡಿದ. ಇಬ್ಬರೂ ಬೇಗ ಕಣ್ಣು ತಪ್ಪಿಸಿದರು.

ಮೂರನೇ ವಾರ ಅವನು ಒಂದು ಸಿಡಿ ಹಾಕಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮೇಲೆ ಎಕ್ಸ್‌ಬಿಎಂಸಿ ಅನ್ನೋ ಮೀಡಿಯಾ ಸೆಂಟರ್ ಓಡಿಸಿ ತೋರಿಸಿದ. ಹಳೇ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡಿತು. ಬೇಡದ ಮೆನುಗಳನ್ನೆಲ್ಲ ತೆಗೆದು, ಒಂದೇ ಬಟನ್ ಒತ್ತಿದರೆ ಹಾಡುಗಳ ಪಟ್ಟಿ ಬರುವ ಹಾಗೆ ಮಾಡಬಹುದಿತ್ತು.

"ಇದೇ ಆಗ್ಲಿ" ಅಂದರು ಅಪ್ಪ, ತೊದಲುತ್ತ.

ಆವತ್ತು ಬಸ್‌ಸ್ಟಾಪ್‌ವರೆಗೂ ಲತಾಮಣಿ ಅವನ ಜೊತೆ ನಡೆದಳು. ಹಾವೇರಿ ಕಡೆಯವನು, ಬಿಟಿಎಂನಲ್ಲಿ ಮೂರು ಜನರ ಜೊತೆ ರೂಮಲ್ಲಿದ್ದ.

"ಮುಂದಿನ ವಾರ ಕೆಲಸ ಮುಗೀತದ. ಆಮ್ಯಾಲ ಬರಾಕ ನೆಪ ಬೇಕಲ್ರಿ" ಅಂದ.

"ನೆಪ ಇಲ್ಲದೇನೂ ಬರಬಹುದು."

ಅಷ್ಟೇ. ಆದರೆ ಆ ವಾರ ಪೂರ್ತಿ ಬಟ್ಟೆ ಹೊಲಿಗೆ ಪರೀಕ್ಷೆ ಮಾಡುವಾಗಲೂ ಅವಳ ತುಟಿಯಲ್ಲಿ ನಗು ನಿಂತೇ ಇತ್ತು.

ನಾಲ್ಕನೇ ಶನಿವಾರ ಫ್ಯಾಕ್ಟರಿಗೆ ವಿದೇಶದ ಬೈಯರ್ ಬಂದಿದ್ದರು. ಅರ್ಧ ದಿನದ ರಜೆ ರದ್ದಾಗಿತ್ತು. ಮಧ್ಯಾಹ್ನ ಫೋನ್ ಬಂತು.

"ನಾನ್ರಿ, ನಿಂಗರಾಜ. ಅಪ್ಪಾರು ಮಲಗ್ಯಾರ. ಡಿಸ್ಕ್ ಪೂರ್ತಿ ಅಳಿಸಿ ಲಿನಕ್ಸ್ ಹಾಕಬೇಕು. ಡಿ ಡ್ರೈವ್‌ದಾಗ ವಿಡಿಯೋ ಅದಾವು. ಬ್ಯಾರೆ ಕಡೆ ಕಾಪಿ ಐತೇನ್ರಿ?"

ಅವಳ ಮುಂದೆ ವಾಪಸ್ ಬಂದ ಶರ್ಟ್‌ಗಳ ರಾಶಿ. ಮ್ಯಾನೇಜರ್ ಕೈಸನ್ನೆ ಮಾಡಿ ಕರೆಯುತ್ತಿದ್ದ.

"ಭೀಮೇಶನ ಲ್ಯಾಪ್‌ಟಾಪ್‌ನಲ್ಲಿದೆ. ಅಳಿಸಿ."

"ಖಾತ್ರಿ ಐತಲ್ರಿ?"

"ಇದೆ ಅಂದೆನಲ್ಲ. ಇಡ್ತೀನಿ."

ಮ್ಯಾಕ್‌ನಲ್ಲಿ ಅಮ್ಮ ಹಾಡಿದ್ದನ್ನ ಅವಳೇ ನೋಡಿದ್ದಳು. ಆದರೆ ಭೀಮೇಶ ಪರೀಕ್ಷೆಗೆ ಅಂತ ಒಂದೇ ಒಂದು ವಿಡಿಯೋ ಕಾಪಿ ಮಾಡಿಕೊಂಡಿದ್ದ. ಜಾಗ ಸಾಲಲ್ಲ ಅಂತ ಮಾರನೇ ದಿನ ಅದನ್ನೂ ತೆಗೆದಿದ್ದ.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪ ಎಡಗೈಯಲ್ಲಿ ರಿಮೋಟ್ ಹಿಡಿದು ಬಟನ್ ಒತ್ತುತ್ತಲೇ ಇದ್ದರು. ಪಟ್ಟಿ ಖಾಲಿ. ಮತ್ತೆ ಒತ್ತಿದರು. ಖಾಲಿ. ಕಣ್ಣಿಂದ ನೀರು ಕಿವಿಯವರೆಗೂ ಇಳಿದಿತ್ತು.

"ಯಾರು ಹೇಳಿದ್ರೋ ನಿಂಗೆ ಅಳಿಸು ಅಂತ?" ಭೀಮೇಶ ನಿಂಗರಾಜನ ಕಾಲರ್ ಹಿಡಿದಿದ್ದ. "ಹೇಳೋ. ಯಾರನ್ನ ಕೇಳಿ ಮಾಡಿದೆ?"

ನಿಂಗರಾಜ ಲತಾಮಣಿಯ ಕಡೆ ನೋಡಿದ.

*ಹೇಳು, ಲತಾ. ಈಗಲೇ ಹೇಳು...*

ಅಪ್ಪ ಅವಳನ್ನೇ ನೋಡುತ್ತಿದ್ದರು. ಅವಳ ಬಾಯಿ ತೆರೆಯಲಿಲ್ಲ.

"ಅಕ್ಕ, ನಿನ್ನೇನಾದ್ರೂ ಕೇಳಿದ್ನಾ?"

ಅವಳು ತಲೆ ತಗ್ಗಿಸಿ ಇಲ್ಲ ಅನ್ನುವಂತೆ ಆಡಿಸಿದಳು.

ನಿಂಗರಾಜ ಕಾಲರ್ ಬಿಡಿಸಿಕೊಂಡ. ಬಾಗಿಲ ಹತ್ತಿರ ಕೂತು ಶೂ ಹಾಕಿಕೊಂಡ. ತುಂಬ ನಿಧಾನವಾಗಿ ಲೇಸ್ ಕಟ್ಟಿದ. ಎದ್ದು ಹೋದ.

ಸೋಮವಾರ ಭೀಮೇಶ ಅಂಗಡಿಗೆ ಹೋಗಿ ಗಲಾಟೆ ಮಾಡಿದ. ಆ ಸಂಜೆಯೇ ನಿಂಗರಾಜನ ಕೆಲಸ ಹೋಯಿತು.

ಲತಾಮಣಿ ಐದು ತಿಂಗಳು ಈ ಸುಳ್ಳನ್ನ ಹೊತ್ತು ಓಡಾಡಿದಳು. ಅಪ್ಪ ಟಿವಿ ಹಾಕುವುದನ್ನೇ ಬಿಟ್ಟಿದ್ದರು. ಆಗಾಗ "ಆ ಹುಡುಗ ಹಿಂಗ್ ಮಾಡ್ಬಾರ್ದಿತ್ತು" ಅನ್ನುತ್ತಿದ್ದರು. ಪ್ರತಿ ಸಲ ಅವಳು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಒಂದು ಭಾನುವಾರ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ... ಅವರು ನನ್ನ ಕೇಳಿದ್ರು. ಫೋನ್ ಮಾಡಿ ಕೇಳಿದ್ರು. ಅಳಿಸಿ ಅಂದಿದ್ದು ನಾನೇ."

ದಾಸಪ್ಪನವರು ಮುಖವನ್ನ ಗೋಡೆ ಕಡೆ ತಿರುಗಿಸಿದರು. ಅವಳು ಅಳುತ್ತ ಕೂತಿದ್ದಳು.

"ಅವನಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ನನ್ನತ್ರ ಯಾಕೆ ಅಳ್ತೀಯ?"

ಬಟ್ಟಲಿನಲ್ಲಿ ಉಳಿದ ಗಂಜಿಯನ್ನ ಅವರು ಅವಳ ಕೈಯಿಂದ ಕುಡಿಯಲಿಲ್ಲ.

ಅಂದೇ ರಾತ್ರಿ ಭೀಮೇಶನಿಗೂ ಹೇಳಿದಳು. ಅವನು ಒಂದು ವಾರ ಮಾತು ಬಿಟ್ಟ. ಅಂಗಡಿಯ ಮಾಲೀಕ ಮುನಿಯಣ್ಣನ ಮುಂದೆಯೂ ನಿಂತು ಹೇಳಿದಳು.

"ಈಗ ಹೇಳಿ ಏನ್ ಪ್ರಯೋಜನ ಮೇಡಂ? ಅವನ ಜಾಗಕ್ಕೆ ಬೇರೆಯವನು ಬಂದಾಯ್ತು" ಅಂದ ಮುನಿಯಣ್ಣ. ಆದರೂ ವಿಳಾಸ ಬರೆದುಕೊಟ್ಟ.

ಬಿಟಿಎಂನ ಎರಡನೇ ಸ್ಟೇಜ್‌ನಲ್ಲಿ ಒಂದು ಜೆರಾಕ್ಸ್ ಅಂಗಡಿ. ನಿಂಗರಾಜ ಯಾರದ್ದೋ ಮಾರ್ಕ್ಸ್ ಕಾರ್ಡ್ ಮೆಷಿನ್ ಮೇಲಿಟ್ಟು ಮುಚ್ಚುತ್ತಿದ್ದ. ಸಣ್ಣಗಾಗಿದ್ದ. ಅವಳನ್ನ ಕಂಡೂ ಕೈ ನಿಲ್ಲಿಸಲಿಲ್ಲ.

"ಯಾಕ ಬಂದ್ರಿ?"

"ಮನೇಲಿ ಹೇಳಿದೆ. ಅಂಗಡೀಲೂ ಹೇಳಿದೆ. ತಪ್ಪು ನಂದು ಅಂತ."

"ಐದು ತಿಂಗಳಾತು."

"ಹೌದು."

ಗಿರಾಕಿ ಹೋದ ಮೇಲೆ ಅವನು ಹೊರಗೆ ಬಂದ.

"ಆ ಡಿಸ್ಕ್ ನಾನು ಅಂಗಡಿಗೆ ಒಯ್ಯಬೇಕು ಅನಕೊಂಡಿದ್ದೆ. ಏನಾರ ಸಿಕ್ಕೀತು ಅಂತ. ನಿಮ್ಮ ತಮ್ಮ ಮುಟ್ಟಗೊಡಲಿಲ್ಲ."

"ಆಮೇಲೆ ಬೇರೆಯವರಿಗೆ ಕೊಟ್ವಿ. ಏನೂ ಸಿಗಲಿಲ್ಲ."

ಅವನು ಕಣ್ಣು ಮುಚ್ಚಿ ತೆರೆದ. ಅವನಿಗೂ ನೋವಾಗಿದ್ದು ಅವಳಿಗೆ ಕಾಣಿಸಿತು.

"ನೀವು ಅವತ್ತು ಯಾಕೆ ಹೇಳಲಿಲ್ಲ? ಅಳಿಸೋಕೆ ನಾನು ಹೇಳಿದ್ದೆ ಅಂತ ಒಂದ್ ಮಾತು ಅಂದಿದ್ರೆ ನಿಮ್ ಕೆಲಸ ಉಳೀತಿತ್ತು."

"ನೀವ ಹೇಳ್ತೀರಿ ಅಂತ ಕಾಯ್ದೆ." ಅವನ ಧ್ವನಿ ಸಣ್ಣದಾಯಿತು. "ಶೂ ಲೇಸ್ ಕಟ್ಟೂತನಕ ಕಾಯ್ದೆ, ಲತಾ ಅವರ. ಹೊರಗ ಗೇಟ್ ಹಾಕೂತನಕ. ಬಸ್ ಬರೂತನಕ..."

ಅವಳು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. ಅತ್ತರೂ ಅವನು ಸಮಾಧಾನ ಹೇಳಲಿಲ್ಲ. ಆದರೆ ಒಳಗೂ ಹೋಗಲಿಲ್ಲ.

"ನಿಮ್ಮನ್ನ ಇಷ್ಟಪಟ್ಟಿದ್ದೆ" ಅಂದಳು. "ಈಗಲೂ. ಅದನ್ನ ಹೇಳೋ ಯೋಗ್ಯತೆ ನನಗಿಲ್ಲ, ಗೊತ್ತು. ಅಪ್ಪ ನಿಮ್ಮನ್ನ ನೋಡ್ಬೇಕಂತೆ. ಅಷ್ಟು ಹೇಳೋಕೆ ಬಂದೆ."

ಇನ್ನೊಬ್ಬ ಗಿರಾಕಿ ಬಂದ, ಅವನು ಮೆಷಿನ್ ಹತ್ತಿರ ವಾಪಸ್ ಹೋದ. ಎರಡು ಭಾನುವಾರ ಕಳೆದವು.

ಮೂರನೆಯ ಭಾನುವಾರ ಬಂದ. ದಾಸಪ್ಪನವರು ಎಡಗೈಯಿಂದ ಅವನ ಮಣಿಕಟ್ಟು ಹಿಡಿದು "ತಪ್ಪಾಯ್ತಪ್ಪ" ಅಂದರು. ಪದ ಸರಿಯಾಗಿ ಹೊರಡಲಿಲ್ಲ, ಅದಕ್ಕೇ ಇನ್ನೊಮ್ಮೆ ಅಂದರು. ಭೀಮೇಶ ಅವನ ಮುಖ ನೋಡಲಾರದೆ ಕುರ್ಚಿ ಎಳೆದು ಕೊಟ್ಟ. ನಿಂಗರಾಜ ಮಂಚದ ಪಕ್ಕ ಒಂದು ಗಂಟೆ ಕೂತ. ಅಪ್ಪ ಅಮ್ಮನ ಹಾಡುಗಳ ಬಗ್ಗೆ ಹೇಳುತ್ತ ಹೋದರು. ಟಿವಿ ಕಪ್ಪಾಗಿಯೇ ಇತ್ತು.

ಹೊರಡುವಾಗ ಲತಾಮಣಿ ಗೇಟಿನವರೆಗೆ ಬಂದಳು.

"ನನ್ನ ಕ್ಷಮಿಸಿದ್ರಾ?"

"ಇನ್ನೂ ಇಲ್ಲ."

"ಮತ್ತೆ ಬಂದ್ರಲ್ಲ..."

"ಸಿಟ್ಟು ನಿಮ್ಮ ಮ್ಯಾಲ ಐತಿ. ದೂರ ಕುಂತ್ರ ಅದು ಇಳಿಯೂದಿಲ್ಲ ಅಂತ ಗೊತ್ತಾತು." ಅವನು ಗೇಟಿನ ಮೇಲಿದ್ದ ಅವಳ ಕೈ ಪಕ್ಕ ತನ್ನ ಕೈ ಇಟ್ಟ. "ಒಂದ್ ಮಾತು ಕೇಳ್ತೀನಿ, ಲತಾ. ಮುಂದ ಎಂಥಾ ತಪ್ಪು ಆದ್ರೂ ನನಗ ಹೇಳ್ತಿಯೇನು?"

ಮೊದಲ ಸಲ ಅವನು ಅವಳನ್ನ ಏಕವಚನದಲ್ಲಿ ಕರೆದಿದ್ದ. ಅವಳ ಕಣ್ಣು ತುಂಬಿತು.

"ಹೇಳ್ತೀನಿ."

"ಹೆದರಿಕಿ ಆದ್ರೂ?"

"ಹೆದರಿಕೆ ಆದ್ರೆ, ಮೊದಲು ನಿಂಗೆ ಹೇಳ್ತೀನಿ."