ಮೂರು ರಾಜ್ಯಕ್ಕೆ ಒಂದೇ ಅರ್ಜಿ

"ನನ್ನ ಅರ್ಜಿ ಬೇರೆಯವರಿಗೆ ಯಾಕೆ ಕೊಟ್ರಿ?" ಅವನು ಫೋನ್ ಎತ್ತಿದ ಕೂಡಲೇ ಅವಳು ರೇಗಿದಳು.

"ಅದು ಫೋನಲ್ಲಿ ಹೇಳೋ ವಿಷಯ ಅಲ್ಲ."

"ಹಾಗಾದ್ರೆ ಅಲ್ಲಿಗೇ ಬರ್ತೀನಿ."

ಅವಳು ಸಂಶೋಧಕಿ. ಮೂರ್ಛೆರೋಗಕ್ಕೆ ಕೊಡುವ ಒಂದು ಅಪರೂಪದ ಮಾತ್ರೆಯಿಂದ ಬಸುರಿಯರ ಮಕ್ಕಳಿಗೆ ತೊಂದರೆಯಾಗುತ್ತದೆಯೇ ಎಂದು ತಿಳಿಯಬೇಕಿತ್ತು. ಒಂದು ರಾಜ್ಯದ ದಾಖಲೆ ಸಾಲದು. ಮೂರು ರಾಜ್ಯಗಳ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಒಂದಕ್ಕೊಂದು ಜೋಡಿಸಬೇಕು. ಆದರೆ ಪ್ರತಿ ರಾಜ್ಯಕ್ಕೂ ಅದರದೇ ಕಚೇರಿ, ಅದರದೇ ಸಮಿತಿ. ಒಬ್ಬರು ಹೂಂ ಎಂದರೆ ಇನ್ನೊಬ್ಬರು ಊಹೂಂ. ಅವಳ ಅಕ್ಕ ನುಂಗುತ್ತಿದ್ದುದೂ ಅದೇ ಮಾತ್ರೆ. ಅಕ್ಕನಿಗೆ ಮಗು ಬೇಕು, ಧೈರ್ಯವಿಲ್ಲ.

ಅವನು ಪಕ್ಕದ ರಾಜ್ಯದ ದಾಖಲೆ ಅಧಿಕಾರಿ. ವಿಡಿಯೋ ಕಾಲ್‌ನಲ್ಲಷ್ಟೇ ಪರಿಚಯ. ಪ್ರತಿ ವಾರ ಹೊಸ ಆಕ್ಷೇಪ ಎತ್ತುತ್ತಿದ್ದವನಿಗೆ ಅಕ್ಕ 'ತಕರಾರು ಸಾಹೇಬ್ರು' ಎಂದು ಹೆಸರಿಟ್ಟಿದ್ದಳು. ಆಮೇಲೆ ಮೂರು ಅರ್ಜಿಗಳನ್ನು ಒಂದು ಮಾಡುವ ದಾರಿಯನ್ನು ಇಬ್ಬರೂ ಸೇರಿ ಹುಡುಕತೊಡಗಿದರು. ಆಕ್ಷೇಪ ಎತ್ತುವ ಮೊದಲು ಅವನು ತುಟಿ ಕಚ್ಚಿ ನಗು ತಡೆಯುವುದು ಅವಳ ಕಣ್ಣಿಗೆ ಬೀಳತೊಡಗಿತು. "ಊಟ ಆಯ್ತಾ?" ಎಂಬ ಮಾತೂ ನಡುವೆ ನುಸುಳಿತು.

ಅಷ್ಟರಲ್ಲಿ ಒಂದೇ ಸಾಲಿನ ಇಮೇಲ್: ನಿಮ್ಮ ಅರ್ಜಿಯನ್ನು ಇನ್ನು ಸಹೋದ್ಯೋಗಿ ನೋಡುತ್ತಾರೆ.

ರೈಲಿನಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕನ ಫೋನ್ ಬಂತು.

"ಜಗಳಕ್ಕೆ ಹೋಗ್ತಿದ್ದೀಯಾ, ನೋಡೋಕಾ?"

"ಜಗಳಕ್ಕೆ!"

"ಜಗಳಕ್ಕೆ ಯಾರೇ ಕಾಡಿಗೆ ಹಚ್ಕೊಂಡು ಹೋಗ್ತಾರೆ?"

ಕಚೇರಿ ತಲುಪಿದಾಗ ಅವನೇ ಕೆಳಗಿಳಿದು ಬಂದ. ಪರದೆಯ ಮೇಲೆ ಎಂದೂ ಕಾಣದಿದ್ದ ಅವನ ಕೈಗಳು ಕೊರಳಿನ ಗುರುತಿನ ಚೀಟಿಯ ದಾರವನ್ನು ಸುತ್ತಿ ಬಿಚ್ಚುತ್ತಿದ್ದವು.

"ನಿಮ್ಮ ಅರ್ಜೀಲಿ ನನಗೆ ತಪ್ಪೇ ಕಾಣ್ತಿರ್ಲಿಲ್ಲ," ಎಂದ.

"ಒಳ್ಳೇದೇ ಅಲ್ವಾ?"

"ತಪ್ಪಿತ್ತು. ಸಣ್ಣ ಊರಿನ ಹೆಣ್ಮಕ್ಕಳನ್ನ ಹೆಸರಿಲ್ಲದೇನೂ ಗುರುತು ಹಿಡೀಬಹುದಿತ್ತು. ಈಗ ಅರ್ಜಿ ನೋಡ್ತಿರೋ ನಮ್ಮ ಮೇಡಂ ಒಂದೇ ನೋಟಕ್ಕೆ ಹಿಡಿದ್ರು. ನಾನು ಓದ್ತಾನೇ ಇರ್ಲಿಲ್ಲ. ಪ್ರತಿ ಸಾಲಲ್ಲೂ ನಿಮ್ಮ ದನಿ ಕೇಳ್ತಿತ್ತು. ಅಂಥವನು ಸಹಿ ಹಾಕಬಾರದು."

ಅವಳ ಸಿಟ್ಟಿಗೆ ಕಾಲೂರಲು ಜಾಗವೇ ಉಳಿಯಲಿಲ್ಲ.

"ಅಷ್ಟು ಹೇಳೋಕೆ ನನ್ನನ್ನ ಇಷ್ಟು ದೂರ ಓಡಿಸಿದ್ರಾ?"

"ಹೇಳೋ ಧೈರ್ಯ ಇರ್ಲಿಲ್ಲ. ನೋಡೋ ಆಸೆ ಇತ್ತು."

ಅವಳು ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಳು. ಸಣ್ಣ ಊರುಗಳನ್ನು ಜಿಲ್ಲೆಗಳೊಳಗೆ ಸೇರಿಸಿ, ಯಾರ ಗುರುತೂ ಸಿಗದಂತೆ ತಿದ್ದಿದಳು. ತಾನು ಹತ್ತಿರ ಇರಬಾರದೆಂದು ಅವನು ರಸ್ತೆಯಾಚೆ ಹೋಗಿ ನಿಂತ. ಗಾಜಿನ ಬಾಗಿಲಾಚೆ ಅವನು ಅತ್ತಿಂದಿತ್ತ ಹೆಜ್ಜೆ ಹಾಕುವುದು ಕಾಣುತ್ತಿತ್ತು. ಅವಳು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು.

ಮೇಡಂ ಕೈಗೆ ಅರ್ಜಿ ಒಪ್ಪಿಸಿ ಹೊರಬಂದಾಗ ಬಿಸಿಲು ಇಳಿದಿತ್ತು.

"ಕೊಟ್ಟೆ. ಮೂರೂ ರಾಜ್ಯಕ್ಕೆ ಇದೊಂದೇ ಸಾಕಂತೆ. ಮೂರೂ ಸಮಿತಿ ಒಪ್ಪಬೇಕಷ್ಟೇ."

"ಒಪ್ಪದಿದ್ರೆ?"

"ತಿದ್ದಿಕೊಂಡು ಮತ್ತೆ ಬರ್ತೀನಿ."

"ಒಪ್ಪಿಬಿಟ್ರೆ?"

"ಆಗ್ಲೂ ಬರ್ತೀನಿ," ಎಂದು ಅವನ ಕೈ ಹಿಡಿದಳು. ಗುರುತಿನ ಚೀಟಿಯ ದಾರ ಅವನ ಬೆರಳಿಂದ ಜಾರಿತು.