ಮೂರನೇ ಕಿಂಡಿಯ ಉತ್ತರ

ಅಣೆಕಟ್ಟಿನ ಮೇಲೆ ಟಾರ್ಚ್ ಇನ್ನೂ ಉರಿಯುತ್ತಿತ್ತು. ಪಕ್ಕದಲ್ಲಿ ಒಂದೇ ಚಪ್ಪಲಿ. ಕಾವಲುಗಾರ ಕರಿಯ ಮಾತ್ರ ಇರಲಿಲ್ಲ.

ಗುರುವಾರ, ಬೆಳಿಗ್ಗೆ ಏಳು. ಬೈಂದೂರಿನ ಎಸ್‌ಐ ಪೂಜಿತಾ ಬಗ್ಗಿ ನೋಡಿದರು. ಕೆಳಗೆ ಹೊಳೆ ಕಪ್ಪಗೆ ಸುಮ್ಮನಿತ್ತು.

“ನಿನ್ನೆ ಉಂಡ್ಕಂಡ್ ಕೆಲ್ಸಕ್ಕೆ ಹೋದ್ರ್ ಅಮ್ಮ.” ಎಂದಳು ಕರಿಯನ ಹೆಂಡತಿ ಸುಂದರಿ. “ಇವತ್ತ್ ಕಮಿಟಿಯವ್ರ ಎದ್ರ್ ಎಲ್ಲಾ ಹೇಳ್ತೆ ಅಂದಿದ್ರ್. ಹೇಳೂದ್ ಬ್ಯಾಡ ಅಂದೆ. ಕೇಳ್ಲಿಲ್ಲ.”

ಹೊಳೆಗೆ ಉಪ್ಪುನೀರು ನುಗ್ಗದಂತೆ ಸರ್ಕಾರಿ ನಿಗಮವೊಂದು ಮೂರು ವರ್ಷಗಳಿಂದ ಕಟ್ಟುತ್ತಿದ್ದ ಅಣೆಕಟ್ಟು ಅದು. ವಿಧಾನಮಂಡಲದ ಸಮಿತಿ ಹತ್ತು ಗಂಟೆಗೆ ವಿಚಾರಣೆಗೆ ಬರುವುದಿತ್ತು.

ಬಲೆ ಬೀಸುವ ಸೂರನಿಗೂ ಕರಿಯನಿಗೂ ವಾರದ ಹಿಂದೆ ಕೈಕೈ ಆಗಿತ್ತು. ಪೂಜಿತಾ ಸೂರನನ್ನು ಹಿಡಿದು ಕೇಳಿದರು.

“ಜಗಳ ಹೌದ್. ಅಂವ್ನ ಕೊಂದ್ರೆ ನಾಳೆ ಯಾರ ಹತ್ರ ಜಗಳ ಮಾಡೂದ್?” ಎಂದ ಸೂರ. ಕಣ್ಣು ಒದ್ದೆಯಾಗಿತ್ತು.

ನೀರು ಹರಿಯುವ ಮೂರನೇ ಕಿಂಡಿಯ ಕಂಬದೊಳಗಿನ ಕೋಣೆಗೆ ಬೀಗ. “ಅದು ತಿಂಗಳಿಂದ ಮುಚ್ಚಿದೆ ಮೇಡಂ. ಕೀ ಉಡುಪಿಯಲ್ಲಿದೆ,” ಎಂದ ನಿಗಮದ ಎಂಜಿನಿಯರ್ ಸುಧಾಕರ.

*

ಹತ್ತೂವರೆ. ಸಮುದ್ರದ ಭರತದ ನೀರು ಹೊಳೆಯೊಳಗೆ ಏರತೊಡಗಿತ್ತು. ದಡದ ಶೆಡ್ಡಿನಲ್ಲಿ ಸಮಿತಿ ಕೂತಿತ್ತು. ಪೂಜಿತಾ ಬಾಗಿಲಲ್ಲಿ ನಿಂತರು. ಹೊರಗೆ ಸುಂದರಿಯ ತುಟಿ ದೇವರ ಹೆಸರನ್ನೇ ತಿರುತಿರುಗಿ ಹೇಳುತ್ತಿತ್ತು.

“ಕೆಲಸ ಇನ್ನೂ ನಡೀತಿದೆ ಸಾರ್. ಮುಗಿದ ಮೇಲೆ ಕೇಳಿ,” ಎಂದ ಸುಧಾಕರ.

“ಮುಗಿದ ಮೇಲೆ ಬರೋಕೆ ಇದೇನು ಸತ್ತವರ ಬೊಜ್ಜದ ಊಟವಾ?” ಅಧ್ಯಕ್ಷ ಭೋಜರಾಜ ಕನ್ನಡಕ ಏರಿಸಿದರು. “ಜನರ ದುಡ್ಡು. ನಡೆಯುವಾಗಲೇ ಕೇಳುವ ಅಧಿಕಾರ ನಮಗಿದೆ. ನಾವು ಕರೆಸಿದ ಸಾಕ್ಷಿ ಕರಿಯ ಎಲ್ಲಿ?”

“ಲಿಖಿತ ಉತ್ತರದಲ್ಲಿದೆ ಸಾರ್.”

ಅಧ್ಯಕ್ಷರು ಓದಿದರು: “ಕಾವಲುಗಾರ ಕರಿಯ ಕೆಲಸ ಬಿಟ್ಟು ಮುಂಬೈಗೆ ಹೋಗಿರುವುದರಿಂದ ಹಾಜರಾಗಲಾರ. ಮೂರನೇ ಕಿಂಡಿಯ ಕೋಣೆಗೆ ಸಮಿತಿ ಇಳಿಯಬಾರದು.”

ಪೂಜಿತಾ ಬಾಗಿಲಿನಿಂದ ಒಳಗೆ ಬಂದರು.

“ಸಾರ್, ಈ ಉತ್ತರ ನಿಮಗೆ ಬಂದದ್ದು ಯಾವತ್ತು?”

“ಸೋಮವಾರ. ಮೂರು ದಿನ ಮೊದಲೇ ಕೊಡಬೇಕು, ನಿಯಮ.”

“ಕರಿಯ ನಿನ್ನೆ, ಬುಧವಾರ, ಮನೆಯಲ್ಲಿ ಉಂಡು ಇಲ್ಲಿಗೇ ಕಾವಲಿಗೆ ಬಂದಿದ್ದಾನೆ. ಅವನು ಇರುವುದಿಲ್ಲ ಅಂತ ಸೋಮವಾರವೇ ಇವರಿಗೆ ಹೇಗೆ ಗೊತ್ತಾಯಿತು?”

ಸುಧಾಕರ ಎದ್ದ. ಬಾಗಿಲಲ್ಲಿದ್ದ ಪೇದೆ ಅವನ ತೋಳು ಹಿಡಿದ.

“ಸಾಕ್ಷಿಯೂ ಬೇಡ, ಕೋಣೆಯೂ ಬೇಡ. ಎರಡೂ ಒಂದೇ ಕಾಗದದಲ್ಲಿ. ಎರಡೂ ಒಂದೇ ಕಡೆ ಇರಬೇಕು,” ಎಂದವರೇ ಪೂಜಿತಾ ಓಡಿದರು.

*

ಬೀಗ ಮುರಿಯಲು ನಾಲ್ಕು ಪೆಟ್ಟು ಬೇಕಾಯಿತು. ಒಳಗೆ ಕತ್ತಲೆ, ನೀರಿನ ಗುಳುಗುಳು. ಕಬ್ಬಿಣದ ಏಣಿಗೆ ಕಟ್ಟಿದ ಕರಿಯ. ಬಾಯಿಗೆ ಬಟ್ಟೆ. ನೀರು ಗದ್ದಕ್ಕೆ ಬಂದಿತ್ತು. ಕಣ್ಣು ಮಾತ್ರ ಬದುಕಿತ್ತು.

ಮೇಲೆತ್ತಿದರು. ಪೇದೆ ಹಿಡಿದು ತಂದ ಸುಧಾಕರ ಕೈ ಮುಗಿದ. “ಸಮಿತಿ ಹೋಗುವವರೆಗೆ ಮಾತ್ರ ಅಂತ... ಇಷ್ಟು ನೀರು ಬರುತ್ತೆ ಅಂತ ಗೊತ್ತಿರಲಿಲ್ಲ.”

ಹಿಂದೆಯೇ ಬಂದ ಭೋಜರಾಜ ಕೈಯಲ್ಲಿದ್ದ ಉತ್ತರದ ಕಾಗದ ಮಡಚಲಿಲ್ಲ. “ಈ ಗೋಡೆಯಲ್ಲಿ ಹನಿಯೂ ಸೋರದು ಅಂತ ಇದರಲ್ಲೇ ಬರೆದಿದ್ದೀರಿ. ಹಾಗಾದರೆ ಇಷ್ಟು ನೀರು ಎಲ್ಲಿಂದ ಬಂತು?”

ಕರಿಯ ಓಡಿಬಂದಿದ್ದ ಹೆಂಡತಿಯ ಮುಖ ನೋಡಿದ.

ಸುಂದರಿ ಸೆರಗಿನಿಂದ ಅವನ ಬಾಯಿ ಒರೆಸಿದಳು.

“ಹೇಳಿ,” ಎಂದಳು. “ಈಗ ಎಲ್ಲಾ ಹೇಳಿ.”