ಕತ್ತಲಲ್ಲಿ ತಿಳಿಯಾದ ನೀರು

"ವಿಂಧ್ಯಾ ಅಂದ್ರೆ ನೀವೇ ಅಲ್ವಾ? ನಿಮ್ಮ ಪುಡಿಗೆ ಬಿಸಿಲೇ ಬೇಡ್ವಲ್ಲ ಮಾರಾಯ್ರೆ!"

ವಡೋದರಾದ ಲ್ಯಾಬಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಕಪ್ಪು ಕಾಗದ ಸುತ್ತಿದ ಬಾಟಲಿ. ಆ ದನಿ!

ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರ ಕೊಳೆನೀರಿನ ಉಸ್ತುವಾರಿ ನೋಡುವ ನಿತಿನ್. ಉಡುಪಿ ಹೋಟೆಲಿನವರ ಮಗ. ವಿಂಧ್ಯಾ ಕೊರಿಯರ್ ಮಾಡಿದ ಪುಡಿಯನ್ನು ಗಿರಣಿ ನೀರಿಗೆ ಹಾಕಿ, ಫಲಿತಾಂಶ ಹೇಳುವವನು. ಆರು ತಿಂಗಳಿಂದ ಬರೀ ಫೋನು. ಆ ಫೋನಿಗಾಗಿ ಈ ಹುಡುಗಿ ದಿನಾ ಸಂಜೆ ಹೇಗೆ ಕಾಯುತ್ತಿದ್ದಳೆಂದು ಅವನಿಗೇನು ಗೊತ್ತು!

ಅವನು ಕಾಗದ ಬಿಚ್ಚಿದ. ಗಿರಣಿಯ ಕೆಂಪು ನೀರು ಕತ್ತಲಲ್ಲೇ ತಿಳಿಯಾಗಿತ್ತು. ತಳದಲ್ಲಿ ಕೂತ ಹಳದಿ ಪುಡಿ ಮಾತ್ರ ರಕ್ತಗೆಂಪಾಗಿತ್ತು.

ವಿಂಧ್ಯಾ ಬಾಟಲಿ ಕಸಿದುಕೊಂಡು ಬೆಳಕಿಗೆ ಹಿಡಿದಳು.

ಬಿಳಿ ಟೈಟಾನಿಯಂ ಡೈಆಕ್ಸೈಡ್ ಪುಡಿ ಕೆಲಸ ಮಾಡಲು ನೇರಳಾತೀತ ಕಿರಣವೇ ಬೇಕು. ಅದಕ್ಕೆ ಒಂಚೂರು ಸಾರಜನಕ ಸೇರಿಸಿ ಹಳದಿ ಮಾಡಿದ್ದಳು ಇವಳು. ಇನ್ನು ಮಾಮೂಲಿ ಬೆಳಕಿಗೇ ಅದು ನೀರಿನ ಬಣ್ಣವನ್ನು ಒಡೆದುಹಾಕುತ್ತದೆ... ಐದು ವರ್ಷದ ಪಿಎಚ್‌ಡಿ ನಿಂತಿದ್ದೇ ಈ ಮಾತಿನ ಮೇಲೆ. ಸೋಮವಾರ ಪ್ರಬಂಧ ಸಲ್ಲಿಸಬೇಕು. ಗಡುವು ಎರಡು ಸಲ ಮುಂದಕ್ಕೆ ಹೋಗಿತ್ತು, ಮೂರನೇ ಸಲ ಇಲ್ಲವೇ ಇಲ್ಲ!

"ಅಂದ್ರ... ಬಣ್ಣ ಒಡದಿಲ್ಲ? ಪುಡಿಗೆ ಬರೇ ಅಂಟಿಕೊಂಡದ?" ಧಾರವಾಡದ ಮನೆಮಾತು ತಾನಾಗಿ ಬಂತು.

"ಹೌದು."

"ಅರ್ಧ ತಾಸು ಕತ್ತಲದಾಗ ಇಟ್ಟು ನೋಡಿದ್ದೆನಲ್ರೀ!"

"ನಮ್ಮ ಗಿರಣಿ ಕೆಂಪು ಪೂರ್ತಿ ಅಂಟೋಕೆ ಎಂಟು ಗಂಟೆ ಬೇಕು."

ಐದು ವರ್ಷ ಅವಳು ನೀರಿನ ಬಣ್ಣವನ್ನೇ ಅಳೆದಿದ್ದಳು. ಪುಡಿಯನ್ನು ಒಮ್ಮೆಯೂ ತೊಳೆದು ನೋಡಿರಲಿಲ್ಲ.

"ನಿಮ್ಮ ಮಾಲೀಕ ಕಳಿಸಿದ್ನೇನು? ನೀರು ಶುದ್ಧ ಮಾಡೋ ಖರ್ಚು ತಪ್ಪಲಿ ಅಂತ?" ಸಿಡಿದಳು.

"ಅವರಿಗೆ ನೀರು ತಿಳಿಯಾದ್ರೆ ಸಾಕು, ಅವರು ಖುಷಿಯಲ್ಲೇ ಇದ್ದಾರೆ. ನಾನು ರಜೆ ಹಾಕಿ ಬಂದೆ." ಅವನ ದನಿ ಇಳಿಯಿತು. "ಹನ್ನೊಂದು ಸಲ ಮಾಡಿದೆ ವಿಂಧ್ಯಾ. ತಪ್ಪು ನನ್ನದೇ ಇರ್ಲಿ, ಕತ್ತಲಲ್ಲಿ ನೀರು ಕೆಂಪಗೇ ಉಳೀಲಿ ಅಂತ ಹರಕೆ ಬೇರೆ ಹೊತ್ತೆ. ಕೊಳಕು ನೀರಿಗೆ ಹರಕೆ! ಅಮ್ಮ ಕೇಳಿದ್ರೆ ನಗ್ತಾಳೆ."

"ಯಾಕ ಅಷ್ಟು...?"

"ನಿಮ್ಮನ್ನ ಇಷ್ಟಪಟ್ಟುಬಿಟ್ಟಿದ್ದೆ, ಅದಕ್ಕೆ."

ಎಷ್ಟು ದಿನದಿಂದ ಬಯಸಿದ ಮಾತು... ಇಂಥ ಹೊತ್ತಿನಲ್ಲೇ ಬರಬೇಕಿತ್ತೇ!

"ಸುಮ್ಮನಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನಗೆ ಗೊತ್ತಿತ್ತಲ್ಲ. ದಿನಾ ಸಂಜೆ ಫೋನಲ್ಲಿ ನಿಮಗೆ ಸುಳ್ಳು ಹೇಳ್ತಾ ಇರೋಕೆ ಆಗ್ಲಿಲ್ಲ."

ಅವಳು ಗೈಡ್ ಮೇಡಂಗೆ ಫೋನು ಮಾಡಿ, ಇದ್ದದ್ದನ್ನು ಹೇಳಿ, ಪ್ರಬಂಧ ಸಲ್ಲಿಸುವುದಿಲ್ಲ ಎಂದಳು. ಎರಡೇ ನಿಮಿಷ. ಆಚೆಯಿಂದ ಬೈಗುಳವೂ ಬರಲಿಲ್ಲ, "ಛೇ ಬೇಟಾ..." ಎಂಬ ನಿಟ್ಟುಸಿರಷ್ಟೇ.

ಗೋಡೆಗೊರಗಿ ನೆಲದ ಮೇಲೆ ಕುಸಿದು ಕೂತಳು. "ಎಲ್ಲಾ ಮುಗೀತು ನಿತಿನ್. ಸೋಮವಾರದಿಂದ ನಾ ಏನೂ ಅಲ್ಲ."

ಮತ್ತೆ ಶುರು ಮಾಡೋಣ ಎಂದು ಅವನು ಹೇಳಲಿಲ್ಲ. ಆಗದ ಮಾತೆಂದು ಇಬ್ಬರಿಗೂ ಗೊತ್ತು. ಪಕ್ಕದಲ್ಲಿ ಬಂದು ಕೂತ.

"ಸೂರತ್ ಗಾಡಿ ಎಷ್ಟಕ್ಕದ?"

"ಐದೂವರೆಗೆ."

"ಇವತ್ತು ಹೋಗಬ್ಯಾಡ."

"ಹೋಗಲ್ಲ."